ಉರ್ವಾ ಬಿನ್ ಝುಬೈರ್‌ರ ಕಾಲು ಮತ್ತು ನಮ್ಮ ಮಂಡಿ: ನೋವು, ಸಬ್ರ್ ಮತ್ತು ಮದ್ದಿನ ಚರಿತ್ರೆ

ಹಿಜರಿ ಮೊದಲ ಶತಮಾನದ ಕೊನೆಯ ಭಾಗ. ಮದೀನಾದ ಏಳು ಮಂದಿ ಮಹಾನ್ ಧರ್ಮಶಾಸ್ತ್ರಜ್ಞರಲ್ಲಿ ಒಬ್ಬರೆಂದು ಎಣಿಸಲ್ಪಟ್ಟಿದ್ದ ಉರ್ವಾ ಬಿನ್ ಝುಬೈರ್(ರಹ್) ಅವರು ಖಲೀಫಾ ವಲೀದ್ ಬಿನ್ ಅಬ್ದುಲ್ ಮಲಿಕ್‌ರನ್ನು ಕಾಣಲು ಡಮಾಸ್ಕಸ್‌ಗೆ ಹೊರಟಿದ್ದರು. ತಂದೆ ಝುಬೈರ್ ಬಿನ್ ಅವ್ವಾಮ್(ರ), ತಾಯಿ ಅಸ್ಮಾ ಬಿಂತ್ ಅಬೂಬಕ್ಕರ್(ರ), ಚಿಕ್ಕಮ್ಮ ವಿಶ್ವಾಸಿಗಳ ಮಾತೆ ಆಯಿಶಾ(ರ). ಅಂತಹ ಮನೆತನದ ವಿದ್ವಾಂಸರಿಗೆ ಪ್ರಯಾಣದಲ್ಲಿಯೇ ಪಾದಕ್ಕೆ ಕೊಳೆಯುವ ರೋಗ ಅಂಟಿಕೊಂಡಿತು. ಅರಬರು ಅದನ್ನು 'ಆಕಿಲಾ', ಅಂದರೆ ತಿನ್ನುವ ರೋಗ ಎಂದು ಕರೆಯುತ್ತಿದ್ದರು. ಇಂದಿನ ವೈದ್ಯರು ಗ್ಯಾಂಗ್ರಿನ್ ಎನ್ನುತ್ತಾರೆ. ಪಾದದಿಂದ ಅದು ಮೇಲಕ್ಕೇರತೊಡಗಿತು. ಕಾಲನ್ನು ಕತ್ತರಿಸದಿದ್ದರೆ ಪ್ರಾಣ ಉಳಿಯದು ಎಂದು ಖಲೀಫಾರ ವೈದ್ಯರು ತೀರ್ಮಾನಿಸಿದರು.

ಕತ್ತರಿಸುವ ಮುನ್ನ ಅವರಿಗೆ ಪ್ರಜ್ಞೆ ತಪ್ಪಿಸುವ ಪಾನೀಯವನ್ನು ಕೊಡಲು ವೈದ್ಯರು ಮುಂದಾದರು. ತನ್ನ ಪ್ರಭುವಿನ ಅರಿವನ್ನೇ ಮರೆಸುವ ಯಾವುದನ್ನೂ ತಾನು ಕುಡಿಯಲಾರೆ ಎಂಬರ್ಥದಲ್ಲಿ ಉರ್ವಾ ನಿರಾಕರಿಸಿದರು. ಗರಗಸ ಎಲುಬಿನ ಮೇಲೆ ಹರಿಯುತ್ತಿದ್ದಾಗ ಅವರು ಅಲ್ಲಾಹನ ಸ್ಮರಣೆಯಲ್ಲಿದ್ದರೆಂದು ಕೆಲವು ವರದಿಗಳು ಹೇಳುತ್ತವೆ. ನಮಾಝಿನಲ್ಲಿದ್ದರೆಂದು ಇನ್ನು ಕೆಲವು ಹೇಳುತ್ತವೆ. ರಕ್ತ ನಿಲ್ಲಿಸಲು ಗಾಯವನ್ನು ಕಾದ ಎಣ್ಣೆಯಿಂದ ಸುಟ್ಟಾಗ ಅವರು ಮೂರ್ಛೆ ಹೋದರು. ಅದೇ ಪ್ರಯಾಣದಲ್ಲಿ ಅವರ ಮಗ ಮುಹಮ್ಮದ್ ಲಾಯದಲ್ಲಿ ಪ್ರಾಣಿಯ ತುಳಿತಕ್ಕೆ ಸಿಕ್ಕಿ ಮರಣ ಹೊಂದಿದರು. ಆದರೂ ಉರ್ವಾ, ನಾಲ್ಕು ಅವಯವಗಳಲ್ಲಿ ಒಂದನ್ನು ಮಾತ್ರ ತೆಗೆದುಕೊಂಡೆ, ಹಲವು ಮಕ್ಕಳಲ್ಲಿ ಒಬ್ಬನನ್ನು ಮಾತ್ರ ತೆಗೆದುಕೊಂಡೆ, ಉಳಿದುದನ್ನು ನನಗೇ ಬಿಟ್ಟೆ ಎಂದು ಅಲ್ಲಾಹನಿಗೆ ಕೃತಜ್ಞತೆ ಸಲ್ಲಿಸಿದರು.

ಈ ಘಟನೆಯನ್ನು ವಅಝ್‌ಗಳಲ್ಲಿ ನಾವೆಲ್ಲ ಕೇಳಿದ್ದೇವೆ, ಮದರಸದ ಮಕ್ಕಳಿಗೂ ಹೇಳುತ್ತೇವೆ. ಹೇಳಬೇಕಾದದ್ದೇ. ಆದರೆ ಇತ್ತೀಚೆಗೆ ಅದು ರೋಗಿಯ ಮಂಚದ ಬಳಿಗೂ ಬಂದು ನಿಂತಿದೆ. ಮಂಡಿಯ ಆರ್ತ್ರೋಸ್ಕೋಪಿ, ಅಂದರೆ ಒಂದೆರಡು ಸಣ್ಣ ತೂತುಗಳ ಮೂಲಕ ಮಾಡುವ ಶಸ್ತ್ರಕ್ರಿಯೆ ಮುಗಿಸಿ ಮನೆಗೆ ಬಂದವರನ್ನು ನೋಡಲು ಹೋದವರು, "ಉರ್ವಾರವರು ಕಾಲನ್ನೇ ಕತ್ತರಿಸುವಾಗ ಮದ್ದು ಕುಡಿಯಲಿಲ್ಲ, ನೀವು ಎರಡು ತೂತಿಗೆ ಮಾತ್ರೆ ನುಂಗುತ್ತೀರಾ?" ಎಂದು ಸಲುಗೆಯಿಂದ ಕೇಳುತ್ತಾರೆ. ಕೇಳಿದವರು ನಕ್ಕು ಮರೆಯುತ್ತಾರೆ. ಮಲಗಿದವರು ಮರೆಯುವುದಿಲ್ಲ. ಅವರು ಮಾತ್ರೆಯನ್ನು ದಿಂಬಿನ ಕೆಳಗಿಟ್ಟು ರಾತ್ರಿಯಿಡೀ ಹಲ್ಲು ಕಚ್ಚುತ್ತಾರೆ. ಮರುದಿನ ವ್ಯಾಯಾಮ ಮಾಡಿಸಲು ಬಂದ ಫಿಸಿಯೋಥೆರಪಿಸ್ಟ್‌ರಿಗೆ ಕಾಲು ಮುಟ್ಟಲೂ ಬಿಡುವುದಿಲ್ಲ. ನೋವನ್ನು ಶಮನಗೊಳಿಸುವುದು ಸಬ್ರ್‌ಗೆ ವಿರುದ್ಧವೇ? ನಮ್ಮ ಚರಿತ್ರೆ ಈ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ.

ಮೊದಲು ಉರ್ವಾರ ಘಟನೆಯನ್ನೇ ನಿಧಾನವಾಗಿ ಓದೋಣ. ಅವರು ಚಿಕಿತ್ಸೆಯನ್ನು ನಿರಾಕರಿಸಲಿಲ್ಲ. ವೈದ್ಯರ ಮಾತನ್ನು ಕೇಳಿದರು, ಕಾಲು ಕತ್ತರಿಸಲು ಒಪ್ಪಿದರು, ಎಣ್ಣೆಯ ಸುಡುವಿಕೆಗೂ ಒಪ್ಪಿದರು. ಅವರು ಬೇಡವೆಂದದ್ದು ಬುದ್ಧಿಯನ್ನು ಮರೆಸುವ ಪಾನೀಯ ಒಂದನ್ನು ಮಾತ್ರ. ಅದು ಅವರು ತಮ್ಮ ದೇಹದ ಮಟ್ಟಿಗೆ ಮಾಡಿಕೊಂಡ ಆಯ್ಕೆ; ಇತರರಿಗೆ ವಿಧಿಸಿದ ನಿಯಮವಲ್ಲ. ಸ್ವತಃ ಧರ್ಮಶಾಸ್ತ್ರಜ್ಞರಾಗಿದ್ದ ಅವರು ತಮ್ಮ ಆ ನಿಲುವನ್ನು ಫತ್ವಾ ಆಗಿಸಲಿಲ್ಲ ಎಂಬುದನ್ನು ಗಮನಿಸಬೇಕು. ಜ್ವರಕ್ಕೂ ನೋವಿಗೂ ನಾವು ನುಂಗುವ ಪ್ಯಾರಸಿಟಮಾಲ್ ಯಾರ ಬುದ್ಧಿಯನ್ನೂ ಮರೆಸುವುದಿಲ್ಲ. ಹೀಗಿರುವಾಗ ಉರ್ವಾರ ಕಾರಣವೇ ಇಲ್ಲಿ ಅನ್ವಯಿಸುವುದಿಲ್ಲ.

ಪ್ರವಾದಿ(ಸ)ರವರ ಮನೆಯಲ್ಲಿ ನೋವು ಅಡಗಿಸಿಡಬೇಕಾದ ಗುಟ್ಟಾಗಿರಲಿಲ್ಲ. ಆಯಿಶಾ(ರ) ಒಮ್ಮೆ ತಲೆನೋವಿನಿಂದ ನರಳಿದಾಗ ಪ್ರವಾದಿ(ಸ)ರವರು ತಮಗೂ ತಲೆ ನೋಯುತ್ತಿದೆ ಎಂದು ಹೇಳಿಕೊಂಡ ಪ್ರಸಂಗ ಸಹೀಹ್ ಬುಖಾರಿಯಲ್ಲಿದೆ. ಇಮಾಮ್ ಬುಖಾರಿಯವರು ರೋಗಿಗಳ ಕುರಿತ ಭಾಗದಲ್ಲಿ, ತನಗೆ ನೋವಾಗುತ್ತಿದೆ, ನೋವು ಹೆಚ್ಚಾಗಿದೆ ಎಂದು ಹೇಳಲು ರೋಗಿಗೆ ಅನುಮತಿ ಇದೆಯೆಂಬ ವಿಷಯಕ್ಕೆ ಒಂದು ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟರು. ಅದರ ಶೀರ್ಷಿಕೆಯಲ್ಲಿ ಸಬ್ರ್‌ನ ಪ್ರತೀಕವಾದ ಪ್ರವಾದಿ ಅಯ್ಯೂಬ್(ಅ)ರ ಪ್ರಾರ್ಥನೆಯನ್ನೇ ಸೇರಿಸಿದರು. ಅಯ್ಯೂಬರು ತಮ್ಮ ಸಂಕಟವನ್ನು ಅಲ್ಲಾಹನ ಮುಂದೆ ಬಾಯಿಬಿಟ್ಟು ಹೇಳಿದವರು. ಹೇಳಿದ್ದರಿಂದ ಅವರ ಸಬ್ರ್‌ಗೆ ಕುಂದು ಬರಲಿಲ್ಲ. ಉಸ್ಮಾನ್ ಬಿನ್ ಅಬಿಲ್ ಆಸ್(ರ) ತಮ್ಮ ಶರೀರದ ನೋವನ್ನು ತೋಡಿಕೊಂಡಾಗ, ನೋಯುವ ಜಾಗದ ಮೇಲೆ ಕೈಯಿಟ್ಟು ಮೂರು ಸಲ ಬಿಸ್ಮಿಲ್ಲಾ ಹೇಳಿ ಏಳು ಸಲ ದುಆ ಮಾಡುವಂತೆ ಪ್ರವಾದಿ(ಸ)ರವರು ಕಲಿಸಿದ್ದನ್ನು ಇಮಾಮ್ ಮುಸ್ಲಿಮ್ ದಾಖಲಿಸಿದ್ದಾರೆ. ಸ್ವತಃ ಪ್ರವಾದಿ(ಸ)ರವರು ಇಹ್ರಾಮ್‌ನಲ್ಲಿದ್ದಾಗಲೂ ತಲೆನೋವಿಗಾಗಿ ಹಿಜಾಮ ಮಾಡಿಸಿಕೊಂಡರು. ನೋವು ಪಾಪಗಳಿಗೆ ಪರಿಹಾರವಾಗುತ್ತದೆ, ಚುಚ್ಚಿದ ಮುಳ್ಳಿಗೂ ಪ್ರತಿಫಲವಿದೆ ಎಂದು ಕಲಿಸಿದವರೂ ಅವರೇ, ಚಿಕಿತ್ಸೆ ಪಡೆಯಿರಿ ಎಂದು ಕಲಿಸಿದವರೂ ಅವರೇ. ಪ್ರತಿಫಲ ಬಂದೆರಗಿದ ಸಂಕಟಕ್ಕೆ. ಮದ್ದಿದ್ದೂ ಉಳಿಸಿಕೊಂಡ ಸಂಕಟಕ್ಕೆ ಪ್ರತ್ಯೇಕ ಪ್ರತಿಫಲವಿದೆಯೆಂದು ನಾನು ಎಲ್ಲಿಯೂ ಓದಿಲ್ಲ.

ಈ ಬೋಧನೆಯ ನೆಲದಲ್ಲಿಯೇ ಮುಸ್ಲಿಮರ ವೈದ್ಯಶಾಸ್ತ್ರ ಬೆಳೆಯಿತು. ಕಾರ್ಡೋಬಾದ ಸಮೀಪದ ಮದೀನತುಝ್ಝಹ್ರಾದ ಅಬುಲ್ ಕಾಸಿಮ್ ಝಹ್ರಾವಿ (936-1013) ತಮ್ಮ 'ತಸ್ರೀಫ್' ಎಂಬ ಮೂವತ್ತು ಭಾಗಗಳ ಗ್ರಂಥದ ಕೊನೆಯ ಭಾಗವನ್ನು ಶಸ್ತ್ರಚಿಕಿತ್ಸೆಗೆ ಮೀಸಲಿಟ್ಟು, ಸುಮಾರು ಇನ್ನೂರು ಉಪಕರಣಗಳ ಚಿತ್ರಗಳನ್ನು ಕೊಟ್ಟರು. ಅಂಗರಚನೆ ತಿಳಿಯದೆ ಕತ್ತಿ ಹಿಡಿಯಬಾರದೆಂಬುದು ಅವರ ನಿಲುವು. ಆದರೆ ನೋವಿನ ವಿಷಯದಲ್ಲಿ ಅತ್ಯಂತ ಸೂಕ್ಷ್ಮವಾಗಿ ಬರೆದವರು ಅವರ ಕಿರಿಯ ಸಮಕಾಲೀನ ಇಬ್ನು ಸೀನಾ (980-1037). 'ಅಲ್ ಕಾನೂನ್ ಫಿತ್ತಿಬ್ಬ್' ಗ್ರಂಥದಲ್ಲಿ ಅವರು ನೋವನ್ನು ಹದಿನೈದು ಬಗೆಯಾಗಿ ವಿಂಗಡಿಸಿದರು: ಚುಚ್ಚುವ ನೋವು, ಒತ್ತುವ ನೋವು, ಭಾರವಾದ ನೋವು, ಕೊರೆಯುವ ನೋವು ಹೀಗೆ. ಇಂದು ಆಸ್ಪತ್ರೆಯಲ್ಲಿ ದಾದಿಯರು "ನೋವು ಹೇಗಿದೆ, ಸೆಳೆಯುತ್ತದೆಯೇ, ಉರಿಯುತ್ತದೆಯೇ?" ಎಂದು ಕೇಳಿದಾಗ ಸಿಡಿಮಿಡಿಗೊಳ್ಳುವವರು ಇದನ್ನು ತಿಳಿದಿರಬೇಕು. ಸಾವಿರ ವರ್ಷಗಳ ಹಿಂದೆಯೇ ಇಬ್ನು ಸೀನಾ ಆ ಪ್ರಶ್ನೆಗೆ ಅಷ್ಟು ಬೆಲೆ ಕೊಟ್ಟಿದ್ದರು.

ನೋವು ಶರೀರದ ಶಕ್ತಿಯನ್ನು ಕುಂದಿಸುತ್ತದೆ, ಅಂಗಗಳನ್ನು ಅವುಗಳ ಕೆಲಸದಿಂದ ತಡೆಯುತ್ತದೆ ಎಂಬುದು ಇಬ್ನು ಸೀನಾರ ಮುಖ್ಯ ಮಾತು. ಆದ್ದರಿಂದ ಮೊದಲು ಕಾರಣವನ್ನು ನಿವಾರಿಸಬೇಕು. ಅಗತ್ಯ ಬಿದ್ದಾಗ ಮರಗಟ್ಟಿಸುವ ಮದ್ದುಗಳನ್ನು ಎಚ್ಚರಿಕೆಯಿಂದ ಬಳಸಬೇಕು. ಅವರ ಪಟ್ಟಿಯಲ್ಲಿ ಅತ್ಯಂತ ಬಲವಾದದ್ದು ಅಫೀಮು. ಖುರಾಸಾನಿ ಓಮದ ಜಾತಿಯ 'ಬಂಜ್' ಎಂಬ ಗಿಡವೂ ಅಲ್ಲಿದೆ. ಕೊನೆಯಲ್ಲಿ ಹಿಮ ಮತ್ತು ಮಂಜಿನಷ್ಟು ತಣ್ಣಗಿನ ನೀರೂ ಇದೆ. ನಿಧಾನವಾಗಿ ನಡೆಯುವುದು, ಮನಸ್ಸನ್ನು ಪೂರ್ಣವಾಗಿ ಸೆಳೆಯುವ ಕೆಲಸದಲ್ಲಿ ತೊಡಗುವುದು ಕೂಡ ನೋವನ್ನು ಹಗುರಗೊಳಿಸುತ್ತದೆ ಎಂದು ಅವರು ಬರೆದರು. ಐಸ್, ನಡಿಗೆ, ಮದ್ದು, ಮನಸ್ಸು: ಮಂಡಿಯ ಶಸ್ತ್ರಕ್ರಿಯೆಯ ನಂತರ ಇಂದಿನ ವೈದ್ಯರು ಬರೆದುಕೊಡುವ ಕಾಗದದಲ್ಲಿಯೂ ಇವೇ ಇರುತ್ತವೆ.

ಇನ್ನು ಧರ್ಮಶಾಸ್ತ್ರಜ್ಞರ ಸರದಿ. ಉರ್ವಾರವರ ನಂತರ ಐದೂವರೆ ಶತಮಾನಗಳಷ್ಟು ಕಾಲ ಕಳೆದು, ಡಮಾಸ್ಕಸ್‌ನಲ್ಲಿಯೇ ವಿದ್ಯೆ ಕಲಿತು ಕಲಿಸಿದ ಇಮಾಮ್ ನವವಿ (ನಿಧನ 1277) ಅದೇ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಕೊಳೆತ ಕೈಯನ್ನು ಕತ್ತರಿಸಬೇಕಾಗಿದೆ. ಅದಕ್ಕಾಗಿ ಪ್ರಜ್ಞೆ ತಪ್ಪಿಸುವ ವಸ್ತುವನ್ನು ಸೇವಿಸಬೇಕಾಗಿ ಬಂದರೆ ಅನುಮತಿಯುಂಟೇ? ಶಾಫಿಈ ವಿದ್ವಾಂಸರಲ್ಲಿ ಎರಡು ಅಭಿಪ್ರಾಯಗಳಿದ್ದವು. ಅನುಮತಿಯಿದೆ ಎಂಬುದೇ ಹೆಚ್ಚು ಸರಿಯೆಂದು ನವವಿ ತೀರ್ಪಿತ್ತರು. ಅವರು ಬಳಸಿದ ಪದವೂ 'ತಿನ್ನಲ್ಪಟ್ಟ' ಅಂಗ ಎಂಬುದೇ, ಉರ್ವಾರ ಆಕಿಲಾ ರೋಗದ ಅದೇ ಧಾತುವಿನ ಪದ. ಕರಾವಳಿಯ ನಮ್ಮ ಬ್ಯಾರಿ, ನವಾಯತ ಮನೆಗಳಲ್ಲಿ ಪಾಲಿಸುವುದು ಇದೇ ಶಾಫಿಈ ಮದ್‌ಹಬ್. ಅಲ್ಲಿ ಉರ್ವಾರ ಘಟನೆ ಎಲ್ಲರಿಗೂ ಗೊತ್ತು, ನವವಿಯವರ ತೀರ್ಪು ಕಿತಾಬು ಓದಿದವರಿಗೆ ಮಾತ್ರ ಗೊತ್ತು. ವಅಝ್‌ಗೆ ಕತೆ ಬೇಕಾಗುತ್ತದೆ, ತೀರ್ಪು ಬೇಕಾಗುವುದಿಲ್ಲ; ಅದಕ್ಕೆ ಹೀಗಾಗಿರಬೇಕು.

ಮುಂದಿನ ಶತಮಾನಗಳಲ್ಲಿ ಈ ವಿದ್ಯೆ ಯುರೋಪು, ಅಮೆರಿಕಗಳ ಕೈಗೆ ದಾಟಿತು. 1846ರ ಅಕ್ಟೋಬರ್‌ನಲ್ಲಿ ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಈಥರ್ ಉಸಿರಾಡಿಸಿ ನೋವಿಲ್ಲದ ಶಸ್ತ್ರಕ್ರಿಯೆಯನ್ನು ಸಾರ್ವಜನಿಕವಾಗಿ ತೋರಿಸಿದರು. ಮರುವರ್ಷವೇ ಕ್ಲೋರೋಫಾರಂ ಬಳಕೆಗೆ ಬಂತು. ಇದರಲ್ಲಿ ನಮ್ಮ ನೆಲದ ಪಾಲೂ ಇದೆ. ಬೀದರ್, ಕಲಬುರಗಿ, ರಾಯಚೂರು ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರಂ ಆಯೋಗಗಳು ನಡೆದವು. ಕ್ಲೋರೋಫಾರಂನಿಂದ ಕೆಲವರು ಸಾಯುವುದೇಕೆ ಎಂಬುದನ್ನು ಪರೀಕ್ಷಿಸಲು ಡಾ. ಎಡ್ವರ್ಡ್ ಲಾರಿಯವರ ನೇತೃತ್ವದಲ್ಲಿ ನಡೆದ ಈ ಕಾರ್ಯಕ್ಕೆ ಹಣ ಕೊಟ್ಟವರು ಆರನೆಯ ನಿಝಾಮ್ ಮೀರ್ ಮಹಬೂಬ್ ಅಲಿ ಖಾನ್. ಲಂಡನ್‌ನಿಂದ ತಜ್ಞರನ್ನು ಕರೆಸಲು ಅವರು ಸಾವಿರ ಪೌಂಡ್ ನೀಡಿದರು. ಹೃದಯಕ್ಕೆ ಅಪಾಯವಿಲ್ಲ, ಉಸಿರಾಟವನ್ನು ಗಮನಿಸಿದರೆ ಸಾಕು ಎಂಬ ಆಯೋಗದ ತೀರ್ಮಾನ ಮುಂದೆ ತಪ್ಪೆಂದು ಸಾಬೀತಾಯಿತು, ನಿಜ. ಆದರೂ ಪ್ರಜೆಗಳ ನೋವನ್ನು ನಿವಾರಿಸುವ ಮದ್ದಿನ ಪರೀಕ್ಷೆಗೆ ಒಬ್ಬ ಮುಸ್ಲಿಮ್ ಅರಸ ಬೊಕ್ಕಸ ತೆರೆದದ್ದು ನಮ್ಮ ಪಠ್ಯಗಳಲ್ಲಿ ಒಂದು ಸಾಲಿಗಾದರೂ ಅರ್ಹ.

ಮಂಡಿಯ ಕಿಂಡಿ ಶಸ್ತ್ರಚಿಕಿತ್ಸೆ ಹುಟ್ಟಿದ ಬಗೆ ನಮಾಝ್ ಮಾಡುವವರಿಗೆ ವಿಶೇಷವಾಗಿ ಆಪ್ತವಾದದ್ದು. ಜಪಾನಿನಲ್ಲಿ ನೆಲದ ಮೇಲೆ ಮಂಡಿಯೂರಿ ಕುಳಿತುಕೊಳ್ಳುವುದು ನಿತ್ಯದ ಮರ್ಯಾದೆ. ನಾವು ಅತ್ತಹಿಯ್ಯಾತ್‌ನಲ್ಲಿ ಕುಳಿತುಕೊಳ್ಳುವುದಕ್ಕೆ ಬಹಳ ಸಮೀಪದ ಭಂಗಿ ಅದು. ಕ್ಷಯರೋಗ ಮಂಡಿಯನ್ನು ಹಿಡಿದರೆ ಕೀಲು ಸೆಟೆದುಕೊಂಡು ಮನುಷ್ಯ ಹಾಗೆ ಕುಳಿತುಕೊಳ್ಳಲಾರದವನಾಗುತ್ತಿದ್ದ. ಸಮಾಜದಲ್ಲಿ ಅದೊಂದು ದೊಡ್ಡ ಕೊರತೆಯಾಗಿತ್ತು. ಆ ರೋಗವನ್ನು ಮೊದಲೇ ಕಂಡುಹಿಡಿಯುವ ಹಂಬಲದಿಂದ ಟೋಕಿಯೊದ ಪ್ರೊಫೆಸರ್ ಕೆಂಜಿ ಟಕಾಗಿ 1918ರಲ್ಲಿ, ಮೂತ್ರಕೋಶವನ್ನು ನೋಡುವ ದರ್ಶಕ ನಳಿಕೆಯನ್ನು ಶವವೊಂದರ ಮಂಡಿಯೊಳಗೆ ತೂರಿಸಿ ನೋಡಿದರು. ಡೆನ್ಮಾರ್ಕ್, ಸ್ವಿಟ್ಜರ್ಲೆಂಡ್‌ಗಳಲ್ಲೂ ಆ ಕಾಲದಲ್ಲಿ ಪ್ರಯತ್ನಗಳು ನಡೆದಿದ್ದವು. ಆದರೆ ಬಿಡದೆ ಮುಂದುವರಿಸಿದವರು ಜಪಾನೀಯರು. ಟಕಾಗಿಯವರ ಶಿಷ್ಯ ಮಸಾಕಿ ವತನಾಬೆ ಹಲವು ಮಾದರಿಗಳನ್ನು ಮಾಡಿ ಕೈಬಿಟ್ಟು, ಕೊನೆಗೆ ಇಪ್ಪತ್ತೊಂದನೆಯ ಸಂಖ್ಯೆಯ ಉಪಕರಣದಿಂದ ಹೆಸರಾದರು. 1962ರಲ್ಲಿ ಅವರು ಹರಿದ ಮೆನಿಸ್ಕಸ್ ಮೆತ್ತೆಯ ಒಂದು ಭಾಗವನ್ನು ಕಿಂಡಿಯ ಮೂಲಕವೇ ಕತ್ತರಿಸಿ ತೆಗೆದರು. 1964ರಲ್ಲಿ ಟೋಕಿಯೊಗೆ ಹೋಗಿದ್ದ ಕೆನಡಾದ ವೈದ್ಯ ರಾಬರ್ಟ್ ಜಾಕ್ಸನ್ ಅವರಿಂದ ಕಲಿತು ಈ ವಿದ್ಯೆಯನ್ನು ಪಶ್ಚಿಮಕ್ಕೆ ಒಯ್ದರು. ಮಂಡಿಯೂರಿ ಕುಳಿತುಕೊಳ್ಳಲು ಆಗದವರ ಸಂಕಟದಿಂದ ಮೊಳೆತ ಈ ಚಿಕಿತ್ಸೆಯಿಂದ ಇಂದು ಎಷ್ಟೋ ಜನರು ಸುಜೂದ್‌ಗೆ ಮರಳುತ್ತಿದ್ದಾರೆ.

ಆದರೆ ಹೊರಗಿನ ತೂತು ಸಣ್ಣದೆಂದ ಮಾತ್ರಕ್ಕೆ ಒಳಗಿನ ಕೆಲಸ ಸಣ್ಣದಲ್ಲ. ಕೀಲಿನೊಳಗೆ ದ್ರವ ತುಂಬಿಸಿ ಹಿಗ್ಗಿಸಿರುತ್ತಾರೆ, ಮೆತ್ತೆಯನ್ನು ಕತ್ತರಿಸಿ ಅಥವಾ ಹೊಲಿದಿರುತ್ತಾರೆ. ಕೆಲವರಿಗೆ ಕಟ್ಟುನಾರನ್ನೇ ಹೊಸದಾಗಿ ಜೋಡಿಸಿರುತ್ತಾರೆ. ಶಸ್ತ್ರಕ್ರಿಯೆ ಮುಗಿದಾಗ ಮಂಡಿಯೊಳಗೆ ಮರಗಟ್ಟಿಸುವ ಮದ್ದನ್ನು ಬಿಟ್ಟಿರುವುದೂ ಉಂಟು. ಅದರ ಬಲದಿಂದ ಸಂಜೆ ಮನೆಗೆ ಬಂದ ರೋಗಿ ನಗುತ್ತ ಮಾತನಾಡುತ್ತಾನೆ, ಮಾತ್ರೆ ಬೇಡವೆನ್ನುತ್ತಾನೆ. ಮದ್ದು ಇಳಿಯುವುದು ರಾತ್ರಿ. ಆಗ ಒಮ್ಮೆಗೇ ಎದ್ದ ನೋವನ್ನು ಹಿಡಿತಕ್ಕೆ ತರುವುದು ಕಷ್ಟ. ಅದಕ್ಕಾಗಿಯೇ ಮೊದಲ ಎರಡು-ಮೂರು ದಿನ ಮಾತ್ರೆಗಳನ್ನು ನೋವು ಏರುವವರೆಗೆ ಕಾಯದೆ ಬರೆದುಕೊಟ್ಟ ವೇಳೆಗೆ ತೆಗೆದುಕೊಳ್ಳಲು ಹೇಳುತ್ತಾರೆ.

ಇಲ್ಲಿ ಇಬ್ನು ಸೀನಾರ ಮಾತು ಅಕ್ಷರಶಃ ನಿಜವಾಗುತ್ತದೆ. ಮಂಡಿ ನೋಯುತ್ತ ಊದಿಕೊಂಡಿದ್ದರೆ ತೊಡೆಯ ಮುಂಭಾಗದ ದೊಡ್ಡ ಸ್ನಾಯು ತಾನಾಗಿ ಕೆಲಸ ನಿಲ್ಲಿಸುತ್ತದೆ. ಕೆಲವೇ ದಿನಗಳಲ್ಲಿ ಕರಗತೊಡಗುತ್ತದೆ. ಕಾಲನ್ನು ನೇರವಾಗಿಸುವ, ಮಡಿಸುವ ವ್ಯಾಯಾಮ ಮಾಡದವರ ಕೀಲು ಬಿಗಿದುಕೊಳ್ಳುತ್ತದೆ. ನೋವು ತಡೆದುಕೊಂಡವರು ವ್ಯಾಯಾಮವನ್ನೂ ತಡೆದುಕೊಂಡಂತಾಗಿ, ಯಾವ ಸುಜೂದ್‌ಗಾಗಿ ಶಸ್ತ್ರಕ್ರಿಯೆ ಮಾಡಿಸಿಕೊಂಡರೋ ಅದನ್ನೇ ದೂರ ಮಾಡಿಕೊಳ್ಳುತ್ತಾರೆ. ಮದ್ದು ಇರುವುದು ಹಾಯಾಗಿ ಮಲಗಲು ಮಾತ್ರವಲ್ಲ, ಎದ್ದು ಕಾಲು ಆಡಿಸಲು.

ಸಾಮಾನ್ಯವಾಗಿ ಅಡಿಪಾಯ ಪ್ಯಾರಸಿಟಮಾಲ್. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4 ಗ್ರಾಂ ಮೀರಬಾರದು. ಯಕೃತ್ತಿನ ತೊಂದರೆ ಇರುವವರಿಗೆ, ತೀರ ತೂಕ ಕಡಿಮೆ ಇರುವವರಿಗೆ ಮಿತಿ ಇನ್ನೂ ಕೆಳಗೆ. ಶೀತದ ಮಾತ್ರೆಗಳಲ್ಲಿಯೂ ಪ್ಯಾರಸಿಟಮಾಲ್ ಸೇರಿರುವುದರಿಂದ ಎರಡನ್ನೂ ನುಂಗಿ ಲೆಕ್ಕ ತಪ್ಪಿಸಿಕೊಳ್ಳುವವರಿದ್ದಾರೆ. ಅದರೊಂದಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳಂತಹ ಊತ ಇಳಿಸುವ ಮಾತ್ರೆ ಕೊಡಬಹುದು. ಇವುಗಳನ್ನು ಊಟದ ನಂತರವೇ ತೆಗೆದುಕೊಳ್ಳಬೇಕು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಹೃದ್ರೋಗ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ವೈದ್ಯರಿಗೆ ಮೊದಲೇ ಹೇಳಬೇಕು. ಅಫೀಮಿನ ವಂಶದ ಬಲವಾದ ಮಾತ್ರೆ ಬರೆದುಕೊಟ್ಟರೆ ಅದು ಕೆಲವೇ ದಿನಗಳಿಗೆ. ತಲೆ ತಿರುಗುವುದು, ಮಲಬದ್ಧತೆ ಅದರ ಗುಣ. ದಿನ ಕಳೆದಂತೆ ಚಟವಾಗುವ ಅಪಾಯವೂ ಇದೆ. ಹೀಗಾಗಿ ಮೊದಲು ಬಿಡಬೇಕಾದದ್ದು ಅದನ್ನೇ. ಬಟ್ಟೆಯಲ್ಲಿ ಸುತ್ತಿದ ಐಸನ್ನು 15-20 ನಿಮಿಷ ಇಟ್ಟು ತೆಗೆಯುವುದು, ಮಲಗಿದಾಗ ಹಿಮ್ಮಡಿಯ ಕೆಳಗೆ ದಿಂಬಿಟ್ಟು ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲಿಡುವುದು ಊತವನ್ನು ಇಳಿಸುತ್ತವೆ. ನಮ್ಮ ಮನೆಗಳಲ್ಲಿ ಪ್ರೀತಿಯಿಂದ ದಿಂಬನ್ನು ಮಂಡಿಯ ಕೆಳಗೇ ಇಡುತ್ತಾರೆ. ಗಂಟೆಗಟ್ಟಲೆ ಹಾಗಿದ್ದರೆ ಮಂಡಿ ಮಡಿಸಿಕೊಂಡೇ ಬಿಗಿಯುತ್ತದೆ.

ಯಾವ ನೋವನ್ನು ಮಾತ್ರೆಯಿಂದ ಮುಚ್ಚಬಾರದು ಎಂಬುದೂ ತಿಳಿದಿರಲಿ. ಮೀನಖಂಡ ಗಟ್ಟಿಯಾಗಿ ಊದಿ ನೋಯುವುದು, ಜ್ವರ, ಗಾಯದಿಂದ ಕೀವು, ದಿನೇ ದಿನೇ ಇಳಿಯುವ ಬದಲು ಏರುವ ನೋವು, ಇವಕ್ಕೆ ಅದೇ ದಿನ ವೈದ್ಯರನ್ನು ಕಾಣಬೇಕು. ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ ಒಂದು ಕ್ಷಣವೂ ತಡಮಾಡಬಾರದು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬಹುದು.

ಇಬಾದತ್‌ಗಳ ವಿಷಯದಲ್ಲಿ ರೋಗಿಗಳು ಅನಗತ್ಯವಾಗಿ ಕಳವಳಪಡುವ ಒಂದು ಸಂಗತಿ ವುಝೂ. ಮಂಡಿ ವುಝೂವಿನ ಅಂಗವಲ್ಲ. ಪಾದವನ್ನು ಹರಡಿನವರೆಗೆ ತೊಳೆದರೆ ಸಾಕು. ಆದ್ದರಿಂದ ಪಟ್ಟಿ ಮಂಡಿಯ ಸುತ್ತ ಮಾತ್ರ ಇದ್ದರೆ ವುಝೂವಿಗೆ ಏನೂ ಅಡ್ಡಿಯಿಲ್ಲ. ಕಡ್ಡಾಯ ಸ್ನಾನದ ಸಂದರ್ಭದಲ್ಲಿ ಮಾತ್ರ ಪ್ರಶ್ನೆ ಏಳುತ್ತದೆ: ಹನಫಿಗಳು ಉಳಿದ ಭಾಗ ತೊಳೆದು ಪಟ್ಟಿಯ ಮೇಲೆ ಒದ್ದೆ ಕೈ ಸವರುತ್ತಾರೆ, ಶಾಫಿಈಗಳಲ್ಲಿ ತಯಮ್ಮುಮ್ ಕೂಡ ಸೇರುತ್ತದೆ. ವಿವರವನ್ನು ತಮ್ಮ ಊರಿನ ಉಸ್ತಾದರಲ್ಲಿ ಕೇಳಿಕೊಳ್ಳಲಿ. ರಮಝಾನ್‌ನಲ್ಲಿ ಶಸ್ತ್ರಕ್ರಿಯೆಯಾಗಿದ್ದರೆ, ರೋಗಿಗೆ ಉಪವಾಸ ಬಿಟ್ಟು ಬೇರೆ ದಿನಗಳಲ್ಲಿ ಪೂರೈಸುವ ರಿಯಾಯಿತಿಯನ್ನು ಕುರ್‌ಆನ್ ಅಲ್ ಬಕರಾ ಅಧ್ಯಾಯದಲ್ಲಿಯೇ ಕೊಟ್ಟಿದೆ. ಬರಿಹೊಟ್ಟೆಯಲ್ಲಿ ನೋವಿನ ಮಾತ್ರೆ ನುಂಗಿ ಹೊಟ್ಟೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ನಮಾಝಿನ ಬಗ್ಗೆ ಇಮ್ರಾನ್ ಬಿನ್ ಹುಸೈನ್(ರ)ರ ಹದೀಸ್ ಪ್ರಸಿದ್ಧ. ಮೂಲವ್ಯಾಧಿಯಿಂದ ಬಳಲುತ್ತಿದ್ದ ಅವರಿಗೆ ಪ್ರವಾದಿ(ಸ)ರವರು ನಿಂತು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಲ್ಲಿ ಮಲಗಿ ನಮಾಝ್ ಮಾಡಲು ಹೇಳಿದ್ದರು. ಪ್ರವಾದಿ(ಸ)ರವರೇ ಕುದುರೆಯಿಂದ ಬಿದ್ದು ಗಾಯಗೊಂಡಾಗ ಕುಳಿತು ನಮಾಝ್ ಮಾಡಿದರು, ಅದೂ ಇಮಾಮತ್ ವಹಿಸಿ. ಮಂಡಿ ಮಡಿಸಲಾಗದವರು ಕುರ್ಚಿಯಲ್ಲಿ ಕುಳಿತು, ಅಥವಾ ನೆಲದಲ್ಲಿ ಕಾಲು ಚಾಚಿ, ರುಕೂಅ್‌ಗಿಂತ ಸುಜೂದ್‌ಗೆ ತುಸು ಹೆಚ್ಚು ಬಾಗಬಹುದು. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು: ಸುಜೂದ್ ಮಾಡಲಾಗದಿದ್ದರೂ ನಿಲ್ಲಬಲ್ಲವರು ಕಿಯಾಮ್‌ನಲ್ಲಿ ನಿಲ್ಲಲೇಬೇಕು ಎಂದು ಶಾಫಿಈಗಳು ಹೇಳುತ್ತಾರೆ; ಹನಫಿಗಳಲ್ಲಿ ಸುಜೂದ್ ಸಾಧ್ಯವಿಲ್ಲದವರಿಗೆ ನಿಲ್ಲುವ ಕಡ್ಡಾಯವಿಲ್ಲ.

ಮತ್ತೆ ನೆಲಕ್ಕೆ ಇಳಿಯುವುದು ಯಾವಾಗ ಎಂಬುದು ಒಳಗೆ ಏನು ಮಾಡಿದ್ದಾರೆ ಎಂಬುದನ್ನು ಅವಲಂಬಿಸಿದೆ. ಮೆತ್ತೆಯ ಹರಿದ ಅಂಚನ್ನು ಕತ್ತರಿಸಿ ತೆಗೆದಿದ್ದರೆ ಬೇಗ. ಹೊಲಿದಿದ್ದರೆ ಮಂಡಿಯನ್ನು ಪೂರ್ತಿ ಮಡಿಸಿ ಕೂರುವುದಕ್ಕೆ ಹಲವು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅದಕ್ಕೆ ಮೊದಲು ಹುರುಪಿನಿಂದ ಕುಳಿತರೆ ಹೊಲಿಗೆ ಕಿತ್ತುಬರಬಹುದು. ಮೆಟ್ಟಿಲು ಹತ್ತುವುದು, ಸ್ಕೂಟರ್ ಓಡಿಸುವುದು ಯಾವಾಗ ಎಂದು ವೈದ್ಯರು ತಾವಾಗಿಯೇ ಹೇಳುತ್ತಾರೆ. ಅತ್ತಹಿಯ್ಯಾತ್‌ನ ಭಂಗಿ ಗೊತ್ತಿಲ್ಲದ ವೈದ್ಯರು ಅದರ ಬಗ್ಗೆ ಹೇಳಲು ಸಾಧ್ಯವಿಲ್ಲ. ಆಸ್ಪತ್ರೆಯಿಂದ ಹೊರಡುವ ಮುನ್ನ ಆ ಭಂಗಿಯನ್ನು ಯಾರಾದರೊಬ್ಬರು ಅವರೆದುರು ಕುಳಿತು ತೋರಿಸಿ, ಎಷ್ಟು ವಾರ ಎಂದು ಕೇಳಿ ಬರೆಸಿಕೊಂಡು ಬರಲಿ.